ದಾಳಿಯ ಗುಟ್ಟು ಬಿಟ್ಟುಕೊಟ್ಟವರು ಯಾರು?

ಬೈಲಹೊಂಗಲ ಸೀಮೆಯ ಆ ಠಾಣೆಯ ಹೆಸರು ಬೇಡ. ಹೇಳಿದರೆ ಇಂದಿಗೂ ಒಬ್ಬಿಬ್ಬರು ಮುಖ ಊದಿಸಿಕೊಂಡಾರು. ಮುಂಬಯಿ ಸರಕಾರದ ಕಾಲದ ಕಲ್ಲಿನ ಕಟ್ಟಡ ಅದು. ಪೊಲೀಸರ ಚಡ್ಡಿ ಹೋಗಿ ಪ್ಯಾಂಟು ಬಂತು, ಕುದುರೆ ಹೋಗಿ ಜೀಪು ಬಂತು, ರಾಜ್ಯವೇ ಬದಲಾಯಿತು. ಒಂದು ಪದ್ಧತಿ ಮಾತ್ರ ಅಲ್ಲಾಡಲಿಲ್ಲ. ಜೂಜಿನ ಅಡ್ಡೆಗೆ ದಾಳಿ ಹೋಗುವಾಗ ಖಾಕಿ ಕಳಚಿಟ್ಟು, ರೈತರ ಹಾಗೆ ಧೋತರ ಉಟ್ಟು ಹೋಗಬೇಕು.

೧೯೯೮ರಲ್ಲಿ ಶಟ್ಟೆಪ್ಪನೆಂಬವನ ಇಸ್ಪೀಟ್ ಅಡ್ಡೆಯ ಮೇಲೆ ಮೂರು ಸಲ ದಾಳಿಯಾಯಿತು. ಮೂರು ಸಲವೂ ಸಿಕ್ಕಿದ್ದು ಖಾಲಿ ಚಾಪೆ, ಬೀಡಿ ತುಂಡು. ಬೆಳಗಾವಿಯ ದೊಡ್ಡ ಸಾಹೇಬರು ಡಿವೈಎಸ್ಪಿಯವರನ್ನು ಬೈದರು, ಅವರು ಸರ್ಕಲ್ ಸಾಹೇಬರನ್ನು, ಅವರು ಠಾಣೆಯ ಮುಖ್ಯಸ್ಥ ಫೌಜದಾರರನ್ನು. ಫೌಜದಾರರು ಹವಾಲ್ದಾರ ಅಂದಾನೆಪ್ಪನನ್ನು ಒಳಗೆ ಕರೆದು ಬಾಗಿಲು ಹಾಕಿದರು.

"ಸುದ್ದಿ ನಮ್ಮ ಠಾಣೆದಾಗಿಂದನ ಹೊಂಟೈತಿ. ಯಾರು ಅಂತ ನೀವ ಹುಡುಕ್ರಿ."

ಹುಕುಮು ಇಳಿಯುವ ಮೆಟ್ಟಿಲಿನಲ್ಲೇ ಸಂಶಯವೂ ಇಳಿಯುತ್ತದೆ. ಇಲಾಖೆ ಎಂದರೆ ಅಷ್ಟೇ. ಕೊನೆಯ ಮೆಟ್ಟಿಲಿನಲ್ಲಿ ನಿಂತಿದ್ದವನು ಜೀಪಿನ ಡ್ರೈವರ್ ಇಮಾಮಹುಸೇನ. ಅಂದಾನೆಪ್ಪನ ಕಣ್ಣು ಅವನ ಬೆನ್ನು ಹತ್ತಿತು. ಒಂದೇ ತಾಟಿನಲ್ಲಿ ಉಂಡವರು, ಸವದತ್ತಿ, ರಾಮದುರ್ಗ ಎಂದು ಜೊತೆಯಲ್ಲೇ ಬಂದೋಬಸ್ತ್ ತಿರುಗಿದವರು. ಈಗ ಅವನು ನಕ್ಕರೂ ಸಂಶಯ, ಸುಮ್ಮನಿದ್ದರೂ ಸಂಶಯ. ದಾಳಿಯ ದಿನ ಅವನು ಅಮೀರನ ಪಂಕ್ಚರ್ ಅಂಗಡಿಯಲ್ಲಿ ಗಾಳಿ ತುಂಬಿಸುತ್ತಾನೆ, ಅಮೀರನ ಕಿವಿಯಲ್ಲಿ ಏನೋ ಹೇಳುತ್ತಾನೆ. ಅದನ್ನು ಕಂಡದ್ದೇ ಸಾಕಾಯಿತು. ಅಂದಾನೆಪ್ಪ ಫೌಜದಾರರಿಗೆ ಹೆಸರು ಕೊಟ್ಟ, ವಾರದೊಳಗೆ ಇಮಾಮಹುಸೇನ ಸಸ್ಪೆಂಡ್ ಆದ. ವಿಚಾರಣೆಯಲ್ಲಿ ತಪ್ಪು ಸಾಬೀತಾದರೆ ನೌಕರಿಯೇ ಹೋಗುವುದಿತ್ತು.

ನಾಲ್ಕನೆಯ ದಾಳಿಗೆ ಬೇರೆ ಡ್ರೈವರ್ ಬಂದ. ಅಂದಾನೆಪ್ಪನಿಗೆ ಹುರುಪೋ ಹುರುಪು. ಉಳಿದ ಪೊಲೀಸರು ಮುದ್ದೆಯಾದ ಧೋತರವನ್ನು ಚೀಲದಲ್ಲಿ ತುರುಕಿ ತಂದರೆ, ಅವನಿಗೆ ಸುಕ್ಕು ಕಂಡರಾಗದು. ಎಂದಿನಂತೆ ಬೆಳಿಗ್ಗೆಯೇ ತನ್ನ ಧೋತರವನ್ನು ಚೌಕದ ಇಸ್ತ್ರಿ ಅಂಗಡಿಗೆ ಕೊಟ್ಟ, ಮಧ್ಯಾಹ್ನ ಗರಿಗರಿಯಾಗಿ ಉಟ್ಟು ಹೊರಟ.

ಅಡ್ಡೆಯಲ್ಲಿ ಶಟ್ಟೆಪ್ಪ ಒಬ್ಬನೇ ಬೇವಿನ ನೆರಳಿಗೆ ಕುಳಿತು ಶೇಂಗಾ ಸುಲಿಯುತ್ತಿದ್ದ.

"ಬರ್ರಿ ಹವಾಲ್ದಾರ್ರ, ಕುಂದರ್ರಿ."

"ಯಾರಲೇ ನಿನಗ ಸುದ್ದಿ ಕೊಟ್ಟಾವ?" ಅಂದಾನೆಪ್ಪ ಅವನ ಅಂಗಿ ಹಿಡಿದೆತ್ತಿದ.

ಶಟ್ಟೆಪ್ಪ ನಗು ತಡೆಯಲಾರದೆ ಹೇಳಿದ: "ನೀವ ಕೊಟ್ರಲ್ರಿ! ಊರಾಗ ನೀವು ಖಾಕಿ ಬಿಟ್ರ ಲುಂಗಿ. ವರ್ಷಾ ಆತು, ನಿಮ್ಮ ಧೋತರ ಇಸ್ತ್ರಿ ಅಂಗಡ್ಯಾಗ ಕಂಡ ದಿನ ನಮ್ಮ ಮಂದಿ ಇಸ್ಪೀಟ್ ಎಲಿ ಮುಟ್ಟೂದಿಲ್ರಿ."

ಹಿಡಿದ ಅಂಗಿ ತಾನಾಗಿ ಕೈ ಜಾರಿತು. ಹಿಂದೆ ನಿಂತ ಪೊಲೀಸನೊಬ್ಬ ಕಿಸಕ್ಕೆಂದ. ಅಂದಾನೆಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಾಚಿಕೆಗಿಂತ ಹೆದರಿಕೆ ದೊಡ್ಡದಿತ್ತು. ಬಡ್ತಿ ಹತ್ತಿರ ಬಂದಿದೆ, ತಾನೂ ಜೊತೆಯವರೂ ಬಾಯಿ ಮುಚ್ಚಿಕೊಂಡರೆ ಮೊದಲಿನ ಮೂರು ದಾಳಿಗಳ ತಪ್ಪು ಇಮಾಮಹುಸೇನನ ತಲೆಯ ಮೇಲೇ ಉಳಿಯುತ್ತದೆ. ಠಾಣೆಗೆ ಮರಳುವ ದಾರಿಯುದ್ದಕ್ಕೂ ಸುಮ್ಮನಿದ್ದುಬಿಡುವ ಆಸೆ ಅವನನ್ನು ಬಿಡಲಿಲ್ಲ. ಕಡೆಗೆ ಧೋತರದಲ್ಲೇ ಹೋಗಿ ಫೌಜದಾರರ ಮುಂದೆ ನಿಂತು ಎಲ್ಲ ಹೇಳಿದ.

"ಬೇಕಂತನ ಶಟ್ಟೆಪ್ಪಗ ಸನ್ನೆ ಮಾಡೀರಿ ಅಂತಾರ ಮ್ಯಾಲಿನವ್ರು," ಎಂದರು ಫೌಜದಾರರು.

"ಅನ್ಲಿ ಬಿಡ್ರಿ ಸಾಹೇಬ್ರ. ಇಮಾಮಂದೇನೂ ತಪ್ಪಿಲ್ಲ."

ಮೇಲಿನವರು ಅಂದರೂ ಅಂದರು. ಅಂದಾನೆಪ್ಪನ ಬಡ್ತಿ ನಿಂತಿತು. ಇಮಾಮಹುಸೇನ ಕೆಲಸಕ್ಕೆ ಮರಳಿದ. ಅಮೀರನ ಕಿವಿಯಲ್ಲಿ ಅವನು ಹೇಳುತ್ತಿದ್ದದ್ದು ತನ್ನ ತಂಗಿ ಮಹೇಕಳಿಗೆ ವರ ನೋಡುವ ಮಾತು ಎಂದು ಆಗ ಗೊತ್ತಾಯಿತು. ಸಸ್ಪೆಂಡ್ ಸುದ್ದಿ ಕೇಳಿ ಗಂಡಿನ ಕಡೆಯವರು ಹಿಂದೆ ಸರಿದಿದ್ದರು.

ಜೀಪಿನ ಬಳಿ ಅಂದಾನೆಪ್ಪ ಅವನ ಕೈ ಹಿಡಿದುಕೊಂಡ. "ತಪ್ಪಾತೋ ಇಮಾಮ."

ಇಮಾಮಹುಸೇನ ಕೈ ಬಿಡಿಸಿಕೊಳ್ಳಲಿಲ್ಲ, ದನಿ ಏರಿಸಲೂ ಇಲ್ಲ.

"ಅಣ್ಣಾರ, ನಿಮ್ಮ ಧೋತರದ ಮ್ಯಾಲ ಸಂಶಯ ಬರಾಕ ನಿಮಗ ಒಂದು ವರ್ಷ ಹಿಡೀತು. ನನ್ನ ಮ್ಯಾಲ ಬರಾಕ ಎಷ್ಟೊತ್ತು ಹಿಡೀತ್ರಿ?"