ಮಗ್ಗ ನಿಂತ ಹೊತ್ತು

ಇಚಲಕರಂಜಿಯ ಶಹಾಪುರದಲ್ಲಿ ಸಂತ ಮೋನಿಕಾ ಹೈಸ್ಕೂಲಿನ ಗಂಟೆ ಯಾರಿಗೂ ಕೇಳಿಸುತ್ತಿರಲಿಲ್ಲ. ಸುತ್ತಮುತ್ತ ಪಾವರ್‌ಲೂಮಿನ ಶೆಡ್ಡುಗಳು. ಬೆಳಿಗ್ಗೆ ಖಟಾಖಟ್ ಶುರುವಾಯಿತೆಂದರೆ ಸಾಕ್ಷಾತ್ ಶಿವನೇ ಬಂದು ಕೂಗಿದರೂ ಕೇಳದು. ಅದಕ್ಕೇ ಶಾಲೆಯ ಆಯಾ ಚನ್ನವ್ವ ಗಂಟೆ ಹೊಡೆಯುವ ಬದಲು ಕಟ್ಟೆಯ ಮೇಲೆ ನಿಂತು ಕೆಂಪು ಬಟ್ಟೆ ಬೀಸುತ್ತಿದ್ದಳು. ಅದನ್ನು ಕಂಡ ಮಕ್ಕಳು ಓಣಿ ಓಣಿಯಿಂದ ಓಡಿ ಬರುತ್ತಿದ್ದರು.

ಹೈಸ್ಕೂಲು ಎನ್ನುವುದೂ ಬೋರ್ಡಿನ ಮಟ್ಟಿಗಷ್ಟೇ ನಿಜ. ತೀರಿಹೋದ ಫಾದರ್ ಮೆನೆಜಿಸ್ ಒಂದು ಹಳೇ ಶೆಡ್ಡು ಹಿಡಿದು, ಮಗ್ಗದ ಎಣ್ಣೆಯ ಕಲೆ ಇನ್ನೂ ಹೋಗಿರದ ನೆಲದ ಮೇಲೆ ನೇಕಾರರ ಮಕ್ಕಳನ್ನು ಕೂಡಿಸಿದ ದಿನವೇ ಬಾಗಿಲ ಮೇಲೆ ಹೈಸ್ಕೂಲ್ ಎಂದು ಬರೆಸಿಬಿಟ್ಟಿದ್ದರು. ಅ ಆ ಕಲಿಯುವ ಮಕ್ಕಳ ತಲೆಯ ಮೇಲೆ ಅಷ್ಟು ದೊಡ್ಡ ಬೋರ್ಡು ನೋಡಿ ಜನ ನಕ್ಕರು. "ಬೋರ್ಡು ಮುಂದೆ ಹೋಗಲಿ, ಶಾಲೆ ಹಿಂದಿನಿಂದ ಬರುತ್ತದೆ," ಎಂದು ಫಾದರೂ ನಕ್ಕಿದ್ದರು. ಶಾಲೆ ಬಂತು, ಬಂತು, ಎಂಟನೇ ಇಯತ್ತೆಯ ತನಕ ಬಂದು ನಿಂತುಬಿಟ್ಟಿತು. ಅವರ ನಂತರ ಹೆಡ್‌ಮಿಸ್ಟ್ರೆಸ್ ಆದ ಮಂಗಳೂರು ಕಡೆಯ ಸಿಸ್ಟರ್ ಬೆನಿಗ್ನಾ, ಒಂಬತ್ತನೆಯದಕ್ಕೆ ಮಂಜೂರಾತಿ ಕೇಳಿಕೊಂಡು ಕೊಲ್ಹಾಪುರಕ್ಕೆ ಅಲೆದು ಚಪ್ಪಲಿ ಸವೆಸಿದ್ದರು.

ಅವರಿಗಿಂತ ಹೆಚ್ಚು ಕಾತರ ಚನ್ನವ್ವನದು. ಮಗಳು ಹಾಲವ್ವ ಆ ವರ್ಷ, ಅಂದರೆ ಅರವತ್ಮೂರರಲ್ಲಿ, ಎಂಟನೆಯದು ಮುಗಿಸುವವಳಿದ್ದಳು. ಊರಿನ ಆಚೆ ತುದಿಯ ದೊಡ್ಡ ಶಾಲೆಗೆ ಬೆಳೆದ ಹುಡುಗಿಯನ್ನು ಕಳಿಸಲು, ಎದುರಿನ ಶೆಡ್ಡಿನಲ್ಲಿ ಮಗ್ಗ ನಡೆಸುವ ಗಂಡ ಯಮನಪ್ಪ ಸುತಾರಾಂ ಒಪ್ಪನು. ಯಡ್ರಾವದ ಅವನ ತಂಗಿಯೋ ತನ್ನ ಮಗ ಕಾಡಪ್ಪನಿಗೆ ಹಾಲವ್ವನನ್ನು ಕೇಳುತ್ತಲೇ ಇದ್ದಳು. ಯಮನಪ್ಪ ಕೆಟ್ಟವನಲ್ಲ, ಮಗಳೆಂದರೆ ಜೀವ. ಆದರೆ ತಂಗಿಗೆ ಮಾತು ಕೊಟ್ಟುಬಿಟ್ಟಿದ್ದ.

"ಇಲ್ಲೇ ಒಂಬತ್ತನೇದು ಆತಂದ್ರ ಓದ್ಲಿ," ಅಂದಿದ್ದ. "ಇಲ್ಲಂದ್ರ ಮನ್ಯಾಗ ಕೂಡಿಸಿ ಏನ್ ಮಾಡೂದು? ಬ್ಯಾಸಗ್ಯಾಗ ಅಕ್ಕಿಕಾಳ ಹಾಕಿ ಮದವಿ ಮಾಡಿಬಿಡೂಣು."

ಹಿಂದಿನ ಸಲ ಬಂದಿದ್ದ ಇನ್‌ಸ್ಪೆಕ್ಟರ್ ಶಿರಗಾವಕರ ಸಾಹೇಬರು ಕಿವಿ ಮುಚ್ಚಿಕೊಂಡೇ ಬಂದು, ಮುಚ್ಚಿಕೊಂಡೇ ಹೋಗಿದ್ದರು. ಈ ಗದ್ದಲದಲ್ಲಿ ಎಂಥ ಪಾಠ ಎಂಬುದೇ ಅವರ ತಕರಾರು. ಮಾರ್ಚಿನಲ್ಲಿ ಮತ್ತೆ ಬರುತ್ತಾರೆ ಎಂದು ತಿಳಿದಾಗ ಚನ್ನವ್ವನಿಗೆ ಒಂದು ಉಪಾಯ ಹೊಳೆಯಿತು. ಸಿಸ್ಟರಿಗೆ ಹೇಳಲಿಲ್ಲ. ನೇರ ಎದುರಿನ ಶೆಡ್ಡಿನ ಮಾಲಕ ಭೂಪಾಲ ಅವರ ಹತ್ತಿರ ಹೋದಳು.

"ಸಾಹೇಬ್ರು ಬಂದಾಗ ಒಂದೀಟು ಹೊತ್ತು ಮಗ್ಗ ನಿಲ್ಲಸ್ರಿ ಮಾಲಕ್ರ. ನನ್ನ ಮಗಳ ಜಲ್ಮದ ಮಾತೈತಿ."

ಭೂಪಾಲ ಅವರ ಮಗಳೂ ಅದೇ ಶಾಲೆಯವಳು, ಒಪ್ಪಿದರು. ಉಳಿದ ಶೆಡ್ಡುಗಳಿಗೆ ಹೋಗಿ ಚನ್ನವ್ವ ನೇಕಾರರಿಗೂ ಹೇಳಿ ಬಂದಳು. ಹೇಳಿದಳು ಎಂದರೆ ತುಟಿಯಲ್ಲಾಡಿಸಿದಳು ಅಷ್ಟೇ. ಆ ಸದ್ದಿನಲ್ಲಿ ದನಿ ಯಾರಿಗೆ ಬೇಕು? ಶೆಡ್ಡಿನ ಜನ ತುಟಿ ನೋಡಿಯೇ ಮಾತು ಹಿಡಿಯುವವರು, ಜಗಳವನ್ನೂ ಹಾಗೇ ಆಡುವವರು. ಅವರ ಮಕ್ಕಳೂ ಅಷ್ಟೇ.

ಆ ದಿನ ಬಂತು. ಸಾಹೇಬರ ಟಾಂಗಾ ತಿರುವಿನಲ್ಲಿ ಕಂಡ ಕೂಡಲೇ ಚನ್ನವ್ವ ಕೆಂಪು ಬಟ್ಟೆ ಬೀಸಿದಳು. ಒಂದೊಂದೇ ಮಗ್ಗ ನಿಂತಿತು. ಶಹಾಪುರದಲ್ಲಿ ಹಾಡುಹಗಲೇ ಕಾಗೆಯ ದನಿ ಕೇಳಿಸಿತು. ಸಾಹೇಬರು ಖುಷಿಯಾಗಿ ಎಂಟನೇ ವರ್ಗದೊಳಗೆ ಹೋಗಿ ಕುರ್ಚಿಯಲ್ಲಿ ಕೂತರು. ಹಾಲವ್ವ ಹಲಗೆಯ ಮೇಲೆ ತ್ರಿಕೋನ ಬರೆದು ವಿವರಿಸತೊಡಗಿದ್ದಳು. ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದ ಚನ್ನವ್ವ ಸೆರಗಿನೊಳಗಿನ ಲಿಂಗವನ್ನು ಮುಟ್ಟಿಕೊಂಡಳು.

ಆಗ ಒಂದು ಕೂಸು ಅತ್ತಿತು. ಅದರ ಬೆನ್ನಿಗೆ ಇನ್ನೊಂದು. ಶೆಡ್ಡುಗಳ ಹಿಂದೆ ತೊಲೆಗೆ ಕಟ್ಟಿದ ಸೀರೆ ತೊಟ್ಟಿಲುಗಳಲ್ಲಿ ಮಲಗಿದ ಕೂಸುಗಳೆಲ್ಲ ಹುಟ್ಟಿದಾಗಿನಿಂದ ಮಗ್ಗದ ಸದ್ದಿನಲ್ಲೇ ನಿದ್ದೆ ಮಾಡಿದವು. ಸದ್ದು ನಿಂತದ್ದೇ ಗಾಬರಿಯಾಗಿ ಎದ್ದು ಓಣಿ ಹಾರಿಹೋಗುವಂತೆ ಚೀರಿದವು. ಇಷ್ಟೆಲ್ಲ ಲೆಕ್ಕ ಹಾಕಿದ ಚನ್ನವ್ವ ಇದೊಂದನ್ನು ಮರೆತಿದ್ದಳು, ಅದೂ ತನ್ನದೇ ಕೂಸು ಗುರುಸಿದ್ದ ಅವುಗಳಲ್ಲಿರುವಾಗ.

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಮನೆಯ ರೂಢಿಯಂತೆ ಎದ್ದು ಹೊರಗೆ ಓಡಿದರು. ಹಾಲವ್ವ ಕೂಡ ಹಲಗೆಗೆ ಬರೆಯುತ್ತಿದ್ದ ಖಡು ಕೆಳಗಿಟ್ಟು ಹೋದಳು. ತಾಯಿಯ ಎದುರಿಗೇ, ಸಾಹೇಬರ ಎದುರಿಗೇ. ಎಲ್ಲ ಮುಗಿಯಿತು ಎಂದುಕೊಂಡಳು ಚನ್ನವ್ವ. ಮಗಳ ಓದನ್ನು ತನ್ನ ಕೈಯಾರೆ ಕೆಡಿಸಿಬಿಟ್ಟಿದ್ದಳು.

ಹುಡುಗಿಯರು ತಮ್ಮತಮ್ಮ ತಮ್ಮಂದಿರನ್ನೂ ತಂಗಿಯರನ್ನೂ ಕಂಕುಳಲ್ಲಿ ಏರಿಸಿಕೊಂಡು ಬಂದು ಜಾಗದಲ್ಲಿ ಕೂತರು. ವರ್ಗದ ತುಂಬ ಅಳು.

"ಹೇ ಕಾಯ? ಏನಿದು?" ಸಾಹೇಬರು ಎದ್ದು ನಿಂತರು. "ಇದು ಹೈಸ್ಕೂಲೋ, ಬಾಲವಾಡಿಯೋ ಸಿಸ್ಟರ್?"

ಸಿಸ್ಟರ್ ಬಾಯಿ ತೆರೆಯುವ ಮುಂಚೆ ಚನ್ನವ್ವ ಒಳಗೆ ಬಂದಳು. "ಸಿಸ್ಟರ್‌ದು ಏನೂ ತಪ್ಪಿಲ್ರಿ ಸಾಹೇಬ್ರ. ಮಗ್ಗ ನಿಲ್ಲಿಸಿದಾಕಿ ನಾನ. ನಿಮಗ ಪಾಠ ಕೇಳ್ಲಿ ಅಂತ ನಿಲ್ಲಿಸಿದ್ನಿರಿ. ಕೂಸುಗೋಳಿಗೆ ಸದ್ದಿಲ್ಲಂದ್ರ ನಿದ್ದಿ ಹತ್ತೂದಿಲ್ಲ."

ಸಾಹೇಬರು ಅವಳನ್ನೇ ನೋಡಿದರು. ನಗು ಬಂತೋ ಏನೋ, ಮೀಸೆ ತಿರುವಿಕೊಂಡರು. "ಹಂಗಾರ ಚಾಲೂ ಮಾಡಾಕ ಹೇಳು."

ಅವಳು ಕಟ್ಟೆಗೆ ಹೋಗಿ ಮತ್ತೆ ಬಟ್ಟೆ ಬೀಸಿದಳು. ಖಟಾಖಟ್ ಶುರುವಾಯಿತು. ಕೂಸುಗಳು ಒಂದೊಂದಾಗಿ ಅಕ್ಕಂದಿರ ಹೆಗಲ ಮೇಲೆ ಕಣ್ಣು ಮುಚ್ಚಿದವು. ಸಾಹೇಬರು ಹಿಂದಿನ ಗೋಡೆಗೆ ಒರಗಿ ನಿಂತು, ಕೇಳಿಸಲಾರದು ಎಂದು ಗೊತ್ತಿದ್ದೂ, ಮೆಲ್ಲಗೆ ಒಂದು ಪ್ರಶ್ನೆ ಕೇಳಿದರು. ಚೌಕೋನದ ಒಳಕೋನಗಳೆಲ್ಲ ಸೇರಿದರೆ ಎಷ್ಟು? ಅವರ ದನಿ ಅವರಿಗೇ ಕೇಳಿಸಲಿಲ್ಲ. ಹಲಗೆಯ ಬಳಿ ಗುರುಸಿದ್ದನನ್ನು ಎತ್ತಿಕೊಂಡು ನಿಂತಿದ್ದ ಹಾಲವ್ವ ಅವರ ತುಟಿ ನೋಡಿದಳು. ಒಂದು ಚೌಕೋನ ಬರೆದು, ಮೂಲೆಯಿಂದ ಮೂಲೆಗೆ ಗೆರೆ ಎಳೆದು ಎರಡು ತ್ರಿಕೋನ ಮಾಡಿದಳು. ಕೆಳಗೆ 'ನಾಲ್ಕು ಲಂಬಕೋನ' ಎಂದು ಬರೆದಳು. ಬರೆಯುವಾಗ ಕೂಸಿನ ತಲೆ ಅಲ್ಲಾಡದಂತೆ ಇನ್ನೊಂದು ಕೈಯಲ್ಲಿ ಹಿಡಿದಿದ್ದಳು.

ಸಾಹೇಬರು ಟಾಂಗಾ ಹತ್ತುವಾಗ ಸಿಸ್ಟರಿಗೆ ಹೇಳಿದರು: "ಜೂನ್‌ದಾಗ ಒಂಬತ್ತನೇದು ಶುರು ಮಾಡ್ರಿ. ಮುಂದ ನಿಮಗ ಪ್ರಯೋಗಶಾಳಾ ಬೇಕು, ಗ್ರಂಥಾಲಯ ಬೇಕು, ಎಲ್ಲಾ ಖರೆ. ಆದ್ರ ಮೊದಲು ತೊಟ್ಟಿಲಿಗೆ ಒಂದು ಖೋಲಿ ಕಟ್ಟಸ್ರಿ."

ಸಿಸ್ಟರ್ ಕಟ್ಟಿಸುವ ತನಕವೂ ಕಾಯಲಿಲ್ಲ. ತೀರಿಹೋದಾಗಿನಿಂದ ಬೀಗ ಹಾಕಿದ್ದ ಫಾದರ್ ಮೆನೆಜಿಸರ ಕೋಣೆಯನ್ನೇ ತೆರೆಸಿದರು. ಬೋರ್ಡನ್ನು ಶಾಲೆ ಇನ್ನೂ ಮುಟ್ಟಿರಲಿಲ್ಲ, ಒಂದು ಹೆಜ್ಜೆ ಹತ್ತಿರ ಬಂದಿತ್ತು.

ಜೂನಿನ ಮೊದಲ ದಿನ ಹಾಲವ್ವ ಗುರುಸಿದ್ದನನ್ನು ಆ ಕೋಣೆಯ ತೊಟ್ಟಿಲಲ್ಲಿ ಮಲಗಿಸಿ, ಹೊಸ ವರ್ಗದ ಸಾಲಿನಲ್ಲಿ ನಿಂತು ಒಳಗೆ ಹೋದಳು. ಬಟ್ಟೆ ಬೀಸಿ ಮುಗಿಸಿದ ಚನ್ನವ್ವ ಎದುರಿಗೆ ನೋಡಿದಳು. ಯಮನಪ್ಪ ಮಗ್ಗ ಬಿಟ್ಟು ಶೆಡ್ಡಿನ ಬಾಗಿಲಿಗೆ ಬಂದು ನಿಂತಿದ್ದ. ಮಗಳನ್ನು ಗಂಡನ ಮನೆಗೆ ಕಳಿಸಿದ ದಿನ ತಂದೆ ಕೇಳುವ ಮಾತನ್ನೇ ಅವನು ಅಷ್ಟು ದೂರದಿಂದ, ತುಟಿಯಲ್ಲೇ, ಕೇಳಿದ.

"ಹೋದ್ಲೇನು?"

ಚನ್ನವ್ವನ ಕಣ್ಣು ತುಂಬಿದವು. ಅವಳೂ ತುಟಿಯಲ್ಲೇ ಹೇಳಿದಳು.

"ಹೋದ್ಲು."