ಹನ್ನೆರಡೂವರೆಯವರೆಗೆ ನೆಟ್

ನಮ್ಮ ಮನೆಯ ವೈಫೈ ಪದೇ ಪದೇ ಕೈಕೊಡುವುದಕ್ಕೆ ಅಳಿಲೇ ಕಾರಣ ಎಂದು ನನ್ನ ಗಂಡ ದುರ್ಗೇಶ್ ಹೇಳಿದಾಗ ನಾನು ನಂಬಿದೆ. ನಂಬದೆ ಏನು ಮಾಡಲಿ? ಹೊಸದುರ್ಗದಿಂದ ನಮ್ಮ ತೋಟದ ಮನೆಗೆ ಕೇಬಲ್ ಬರುವುದೇ ತೆಂಗಿನ ಮರದಿಂದ ಮರಕ್ಕೆ ನೇತಾಡಿಕೊಂಡು. ಎಳನೀರು ಕುಡಿದು ಬೇಸರವಾದ ಅಳಿಲುಗಳು ಕೇಬಲ್ಲನ್ನೂ ಕಡಿಯುತ್ತವೆ ಎಂದರೆ ಯಾರಾದರೂ ಒಪ್ಪುವಂಥ ಮಾತೇ. ಒಂದು ಭಾನುವಾರ ಇವರು ಏಣಿ ಹತ್ತಿ ಕೇಬಲ್ಲಿಗೆ ಪ್ಲಾಸ್ಟಿಕ್ ಪೈಪು ತೊಡಿಸಿದರು. ಕೆಳಗೆ ಏಣಿ ಹಿಡಿದು ನಿಂತವಳು ನಾನು. ತವರು ಧರ್ಮಪುರಕ್ಕೆ ಹೋದಾಗ ಇಂಥ ಗಂಡ ಯಾರಿಗೆ ಸಿಗುತ್ತಾನೆ ಎಂದು ಅಮ್ಮನ ಮುಂದೆ ಕೊಚ್ಚಿಕೊಂಡೆ ಬೇರೆ.

ನನಗೆ ನೆಟ್ ಬೇಕಿದ್ದದ್ದು ಸೀರಿಯಲ್ಲಿಗಲ್ಲ. ನಾನು ಗಣಿತದಲ್ಲಿ ಎಂ.ಎಸ್ಸಿ. ಮಾಡಿದವಳು. ಮದುವೆಯಾದ ಮೇಲೆ ಆ ಗಣಿತವೆಲ್ಲ ಹಾಲಿನವನ ಲೆಕ್ಕಕ್ಕಷ್ಟೇ ಉಪಯೋಗಕ್ಕೆ ಬರುತ್ತಿತ್ತು. ಮನೆಯಲ್ಲೇ ಕೂತು ಹೈಸ್ಕೂಲ್ ಮಕ್ಕಳಿಗೆ ಪಾಠ ಹೇಳುವ ಕೆಲಸಕ್ಕೆ ಒಂದು ಟ್ಯೂಷನ್ ಕಂಪನಿಗೆ ಅರ್ಜಿ ಹಾಕಿದ್ದೆ. ಒಂದು ಪಾಠ ಮಾಡಿ ತೋರಿಸಿ ಎಂದರು. ಮೊದಲ ಸಲ ಪಾಠದ ನಡುವೆಯೇ ಫೋನಿನಲ್ಲಿ ಚಕ್ರ ತಿರುಗತೊಡಗಿತು. ಎರಡನೇ ಸಲ ನಮಸ್ಕಾರ ಹೇಳುವಷ್ಟರಲ್ಲೇ ನೆಟ್ ಹೋಯಿತು. ಗುರುವಾರ ಹನ್ನೊಂದಕ್ಕೆ ಕೊನೆಯ ಸಲ ನೋಡುತ್ತೇವೆ, ಆಗಲೂ ಹೀಗಾದರೆ ಬಿಟ್ಟುಬಿಡಿ ಎಂದು ಅವರು ಕಡ್ಡಿ ಮುರಿದಂತೆ ಹೇಳಿದರು. ತೋಟವಿರುವುದು ತಗ್ಗಿನಲ್ಲಿ, ಮೊಬೈಲ್ ಟವರ್ ಸಿಗುವುದಿಲ್ಲ. ಹೊಸದುರ್ಗಕ್ಕೆ ಹೋಗಿ ಯಾರ ಮನೆಯಲ್ಲಾದರೂ ಕೂರೋಣವೆಂದರೆ ಅಲ್ಲಿರುವವರೆಲ್ಲ ಇವರ ಕಡೆಯವರೇ. "ಮನೇಲಿ ನೆಟ್ ಇಟ್ಕಂಡು ಇನ್ನೊಬ್ರ ಮನೆಗೆ ಯಾಕೆ ಹೋಗ್ತೀಯ? ಸರಿ ಮಾಡಿಸ್ತೀನಿ ಇರು," ಎಂದರು ಇವರು.

ಸರಿ ಮಾಡಿಸುವುದರಲ್ಲಿ ಇವರು ಒಂದಿಷ್ಟೂ ಸೋಮಾರಿತನ ತೋರಿಸಲಿಲ್ಲ. ರೂಟರ್ ಟಿವಿ ಪಕ್ಕದಿಂದ ಬೀರುವಿನ ಮೇಲಕ್ಕೆ ಹೋಯಿತು, ಅಲ್ಲಿಂದ ಕಿಟಕಿಯ ಸರಳಿಗೆ ಬಂತು. ಆಫ್ ಮಾಡಿ ಆನ್ ಮಾಡಿ ಸ್ವಿಚ್ಚೇ ಸಡಿಲವಾಯಿತು. ಆಯುಧಪೂಜೆಗೆ ಹಚ್ಚಿದ ಕುಂಕುಮ ಒಳಗೆ ಹೋಗಿರಬೇಕು ಎಂದು ಅತ್ತೆ ಉಚ್ಚಂಗೆಮ್ಮ ಅದನ್ನು ಸೆರಗಿನಿಂದ ಒರೆಸಿದರು. ಕೊನೆಗೆ ಹೊಸ ರೂಟರ್ರೇ ಬಂತು. ಬೆಳಿಗ್ಗೆ ಎಲ್ಲ ಚೆನ್ನಾಗಿಯೇ ಇರುತ್ತಿತ್ತು. ಇವರು ಬೈಕ್ ಹತ್ತಿ ಹೊಳಲ್ಕೆರೆಯ ಶಾಲೆಗೆ ಪಾಠ ಮಾಡಲು ಹೋದ ಮೇಲೆ, ನಾನು ಪುಸ್ತಕ ತೆರೆದು ಕೂತರೆ ಹೋಗುತ್ತಿತ್ತು. ನನ್ನ ಹಣೆಬರಹ ಎಂದುಕೊಂಡೆ.

ಬುಧವಾರ ಕೇಬಲ್ ಕೆಲಸದ ಪ್ರಭುವನ್ನು ನಾನೇ ಕರೆಸಿದೆ. ಅವನು ಬರುವ ಹೊತ್ತಿಗೆ ನನ್ನ ಫೋನಿನಲ್ಲಿ ನೆಟ್ ಹೋಗಿಯಾಗಿತ್ತು. ಆದರೆ ನಡುಮನೆಯಲ್ಲಿ ಅತ್ತೆ ತಮ್ಮ ಫೋನಿನಲ್ಲಿ ಸೀರಿಯಲ್ ನೋಡುತ್ತ ಮುಸುಮುಸು ಅಳುತ್ತಿದ್ದರು. ನಾನು ಹೋಗಿ ಅವರ ಪಕ್ಕದಲ್ಲೇ ಕೂತೆ. ಅವರ ಫೋನಿನಲ್ಲಿ ನಾಯಕಿ ಮನೆ ಬಿಟ್ಟು ಓಡುತ್ತಿದ್ದಳು, ನನ್ನದರಲ್ಲಿ ಚಕ್ರ ತಿರುಗುತ್ತಿತ್ತು. ಎರಡು ಫೋನುಗಳ ನಡುವೆ ಇದ್ದದ್ದು ಒಂದು ಗೇಣು. ಯಾವ ಅಳಿಲಿಗೂ ಇಷ್ಟು ಬುದ್ಧಿ ಇರುವುದಿಲ್ಲ.

"ನನ್ನ ಫೋನಿಗೆ ಮಾತ್ರ ಬರ್ತಿಲ್ಲ, ನೋಡು ಪ್ರಭು," ಎಂದೆ.

ಅವನು ನೋಡಿ ತಲೆ ಕೆರೆದುಕೊಂಡ. "ಲೈನು ಚೆನ್ನಾಗೈತೆ ಅಕ್ಕ. ನಿಮ್ ಫೋನ್ ಒಂದನ್ನೇ ನಿಲ್ಸಿದಾರೆ. ಪರೀಕ್ಷೆ ಟೈಮ್ನಾಗೆ ಹುಡುಗ್ರು ಆಟ ಆಡ್ಬಾರ್ದು ಅಂತ ಮಾಡ್ತಾರಲ್ಲ, ಹಂಗೆ. ಎಲ್ಲಿ ಕುಂತಿದ್ರೂ ಫೋನ್ನಾಗೇ ಮಾಡ್ಬೋದು."

"ಯಾರು ಮಾಡಿದ್ದು?"

"ಪಾಸ್‌ವರ್ಡ್ ಸರ್ ಹತ್ರ ಅಲ್ವಾ ಇರಾದು?" ಎಂದವನೇ ಚೀಲಕ್ಕೆ ಸಾಮಾನು ತುಂಬತೊಡಗಿದ. ಆ ತಡೆ ತೆಗೆದುಬಿಡು ಎಂದೆ. "ಕನೆಕ್ಷನ್ ಸರ್ ಹೆಸರಲ್ಲೈತೆ ಅಕ್ಕ. ಅವ್ರು ಒಂದು ಮಾತು ಹೇಳ್ಲಿ, ತೆಗೀತೀನಿ. ನನ್ನ ಸಿಗಾಕಿಸ್ಬ್ಯಾಡ್ರಿ."

ಅತ್ತೆ ಕಣ್ಣೊರೆಸಿಕೊಂಡು ನಕ್ಕರು. "ಅವ್ರಪ್ಪನೂ ಹಂಗೇ ಕಣವ್ವ. ಹೊಲಕ್ಕೆ ಹೋಗುವಾಗ ರೇಡಿಯೋದ ಸೆಲ್ಲು ಬಿಚ್ಚಿ ಜೇಬಿಗೆ ಹಾಕ್ಕಂಡು ಹೋಗೋರು. ಸಂಜಿಗೆ ಬಂದು ಹಾಕೋರು."

"ನೀವು ಏನೂ ಅನ್ನಲಿಲ್ವಾ?"

"ಏನಂತ ಅನ್ನಾದು? ಸಂಜಿಗೆ ಹಾಕ್ತಿದ್ರಲ್ಲ," ಎಂದು ಮತ್ತೆ ಸೀರಿಯಲ್ಲಿಗೆ ಕಣ್ಣು ನೆಟ್ಟರು.

ಕೆಲಸ ಬೇಡವೆಂದು ಈ ಮನೆಯಲ್ಲಿ ಯಾರೂ ಒಂದು ಮಾತು ಆಡಿರಲಿಲ್ಲ. ಆಡಿದ್ದರೆ ಜಗಳವಾಡಬಹುದಿತ್ತು. ಏಣಿ ಹಿಡಿದು ನಿಂತದ್ದು ನೆನಪಾಗಿ ಮೈಯೆಲ್ಲ ಉರಿಯಿತು. ಅತ್ತೆಯ ಫೋನಿನಲ್ಲಾದರೂ ನಾಳೆಯ ಪಾಠ ಮಾಡೋಣವೆಂದು ಕಂಪನಿಯ ಆ್ಯಪ್ ಹಾಕಿ ನೋಡಿದೆ. ಅಷ್ಟು ಹಳೆಯ ಫೋನಿನಲ್ಲಿ ಅದು ತೆರೆಯಲೇ ಇಲ್ಲ. ಸಂಜೆಯವರೆಗೂ ಒಲೆಯ ಮುಂದೆ ನಿಂತು, ಇವರಿಗೆ ಹೇಳಬೇಕಾದ ಮಾತುಗಳನ್ನು ಒಂದೊಂದಾಗಿ ಜೋಡಿಸಿದೆ.

ಇವರು ಬಂದು ಶೂ ಬಿಚ್ಚುವಾಗಲೇ ಕೇಳಿದೆ. "ನನ್ನ ಫೋನು ನಿಲ್ಸಿದ್ದು ನೀವಾ?"

ಇವರು ಬೆಚ್ಚಲಿಲ್ಲ. ಸ್ವಲ್ಪ ನಾಚಿಕೊಂಡರು, ಅಷ್ಟೆ. "ನೀನು ಸುಸ್ತಾಗ್ತೀಯ ಅಂತ ಕಣೆ. ಬ್ಯಾಡ ಅಂತ ಮುಖಕ್ಕೆ ಹೇಳಿದ್ರೆ ನೊಂದ್ಕಂತೀಯ. ತಾನಾಗೇ ಆಗ್ಲಿಲ್ಲ ಅಂದ್ರೆ ಮರ್ತು ಸುಮ್ನಾಗ್ತೀಯ ಅಂದ್ಕಂಡೆ."

"ಮತ್ತೆ ಹೊಸ ರೂಟರ್ ಯಾಕೆ ತಂದ್ರಿ?"

"ನೀನು ಅಷ್ಟು ಒದ್ದಾಡ್ತಿದ್ದೆ. ನೋಡಾಕಾಗ್ಲಿಲ್ಲ."

ಇದನ್ನು ಇವರು ಮನಸಾರೆ ಹೇಳಿದರು. ಅದೇ ನನ್ನನ್ನು ಹೆದರಿಸಿತು. ಈಗಲೂ ಸುಳ್ಳು ಹೇಳಿದ್ದರೆ ಬೈಯಬಹುದಿತ್ತು. ಪ್ರೀತಿಯಿಂದ ಮಾಡಿದೆ ಎನ್ನುವವರನ್ನು ಏನೆಂದು ಬೈಯಲಿ? ಇವರು ಪಕ್ಕದಲ್ಲಿ ಕೂತು ಫೋನು ತೆಗೆದರು. "ಆಯ್ತು, ಈಗ ಹೇಳು. ನಾಳೆ ಎಷ್ಟೊತ್ತು ಬೇಕು? ಕೊಡ್ತೀನಿ."

ಈಗ ಬಾಯಿ ಮಾಡಿದರೆ ಕೊನೆಯ ಪಾಠವೂ ಹೋಗುತ್ತದೆ. "ಹತ್ತರಿಂದ ಒಂದು," ಎಂದೆ.

"ಹನ್ನೆರಡಕ್ಕೆ ಸಾಲಲ್ವಾ?"

"ಹನ್ನೆರಡೂವರೆ ಮಾಡ್ರಿ."

ಇವರು ತಲೆಯಾಡಿಸಿ ಒತ್ತಿದರು. ಸಂತೆಯಲ್ಲಿ ಸೊಪ್ಪಿಗೆ ಚೌಕಾಸಿ ಮಾಡಿದಂತೆ ಮಾಡಿ ಅರ್ಧ ಗಂಟೆ ಹೆಚ್ಚಿಗೆ ಪಡೆದಿದ್ದೆ, ಒಂದು ಗಳಿಗೆ ಅದಕ್ಕೆ ಖುಷಿಯೂ ಆಯಿತು. ಆ ಖುಷಿಗೆ ನನಗೇ ಅಸಹ್ಯವೆನಿಸಿತು. ಎದ್ದು ಹೋಗಿ ಇವರಿಗೆ ಕಾಫಿ ಮಾಡಿದೆ.

ಗುರುವಾರ ನೆಟ್ ಒಂದು ಸಲವೂ ತಡವರಿಸಲಿಲ್ಲ. ನಾನೂ ತಡವರಿಸಲಿಲ್ಲ. ತ್ರಿಭುಜ ಬರೆದೆ, ಲಂಬ ಎಳೆದೆ, ಮಕ್ಕಳು ಎಲ್ಲಿ ಎಡವುತ್ತಾರೆ ಎಂಬುದನ್ನೂ ತೋರಿಸಿದೆ. ಮುಗಿಸಿದಾಗ ಕಂಪನಿಯ ಹೆಂಗಸು ನಗುತ್ತಿದ್ದಳು.

"ತುಂಬ ಚೆನ್ನಾಗಿ ಹೇಳ್ತೀರ ಮೇಡಂ. ಸೋಮವಾರದಿಂದ ಶುರು ಮಾಡಿ. ದಿನಾ ಸಂಜೆ ನಾಲ್ಕರಿಂದ ಏಳು. ಆಗುತ್ತಲ್ಲ?"

ಈ ಮಾತು ಕೇಳಬೇಕೆಂದೇ ಇಷ್ಟು ದಿನ ಕಾದಿದ್ದೆ. ಆಗುತ್ತೆ ಎನ್ನಲು ಬಾಯಿ ತೆರೆದೆ.

"ಮನೇಲಿ ಕೇಳಿ ಹೇಳ್ತೀನಿ," ಎಂದೆ.

ಅವಳ ನಗು ಇಳಿಯಿತು. "ಯಾಕೆ, ನಿಮ್ಮನೆ ನೆಟ್ ಇನ್ನೂ ಸರಿಹೋಗಿಲ್ವಾ?"

"ನೆಟ್ಟಿಗೆ ಏನೂ ಆಗಿಲ್ಲ ಮೇಡಂ," ಎಂದೆ. "ಯಾವತ್ತೂ ಏನೂ ಆಗಿರಲಿಲ್ಲ."