ಹ್ಞೂಂ ಅಂದರೆ ಸುಮ್ಮನಾಗುವ ಫೋನು

ಎರಡು ಸಾವಿರದ ನಾಲ್ಕರಲ್ಲಿ ಮಗರಪಟ್ಟಾದ ನಮ್ಮ ಪುಟ್ಟ ಕಂಪನಿ ಸರ್ಕಾರಿ ಅಧಿಕಾರಿಗಳಿಗಾಗಿ ಗುಪ್ತ ಮೊಬೈಲ್ ಮಾಡುತ್ತಿತ್ತು. ಆಡಿದ ಮಾತು ಸಂಕೇತವಾಗಿ ಹೋಗುತ್ತದೆ, ನಡುವೆ ಕದ್ದು ಕೇಳಿದವನಿಗೆ ಏನೂ ತಿಳಿಯುವುದಿಲ್ಲ. ಅದನ್ನು ಪರೀಕ್ಷಿಸುವವಳು ನಾನು, ರಂಜನಾ. ಮಾತು ನಡುನಡುವೆ ನುಂಗಿಹೋಗುತ್ತದೆ ಎಂದು ದಿಲ್ಲಿಯವರು ಎರಡು ಸಲ ವಾಪಸ್ ಕಳಿಸಿದ್ದರು. ಶುಕ್ರವಾರ ಮೂರನೆಯ ಪರೀಕ್ಷೆ. ಆಗಲೂ ತಪ್ಪಿದರೆ ಕೆಲಸ ಬಂದ್, ನಾವು ಆರೂ ಜನ ಮನೆಗೆ.

ಯಜಮಾನ ಬಸವಪ್ರಭು ತಪ್ಪು ಅಲ್ಲೇ ಇದೆಯೆಂದು ಸಂಕೇತದ ಲೆಕ್ಕವನ್ನೇ ಕೆದಕುತ್ತಿದ್ದರು. ಲ್ಯಾಬಿನಲ್ಲಿ ಫೋನು ಚೊಕ್ಕಟವಾಗಿ ನಡೆಯುತ್ತಿತ್ತು. ನಡೆಯದೆ ಏನು? ನಮ್ಮಲ್ಲಿ ಒಬ್ಬರು ಫೋನಿನಲ್ಲಿ ಪೇಪರ್ ಓದುತ್ತಿದ್ದರು, ಇನ್ನೊಬ್ಬರು ಬಾಯಿ ಮುಚ್ಚಿಕೊಂಡು ಬರೆದುಕೊಳ್ಳುತ್ತಿದ್ದರು. ಲೋಕದಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ ಎಂದು ಇಷ್ಟೆಲ್ಲ ಓದಿದ ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಬುಧವಾರ ತಲೆ ಕೆಟ್ಟು, ಟೆಸ್ಟಿನ ಒಂದು ಫೋನನ್ನು ಬಿಬವೇವಾಡಿಯ ಮನೆಗೊಯ್ದು ಅತ್ತೆ ಪಾರವ್ವನವರ ಕೈಗಿಟ್ಟೆ. ಮರುದಿನ ಬೆಳಿಗ್ಗೆ ಆಫೀಸಿನಿಂದ ಮಾತಾಡಿದೆ. ಅವರು ಸಾಲಿಗೊಂದು ಹ್ಞೂಂ ಅನ್ನುತ್ತಾ ಕೇಳಿದರು.

"ಏನವಾ, ಅರ್ಧಮರ್ಧ ಮಾತಾಡಾಕತ್ತಿ," ಎಂದರು.

"ಹ್ಞೂಂ ಅನಬ್ಯಾಡ್ರಿ ಅತ್ತಿ, ಸುಮ್ಮ ಕೇಳ್ರಿ."

"ಹ್ಞೂಂ ಅನಲಿಲ್ಲಂದ್ರ ನಾ ಕೇಳಾಕತ್ತೀನಿ ಅಂತ ನಿನಗ ಹೆಂಗ ಗೊತ್ತಾಗಬೇಕು?"

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಆಗಿನ ನಿಧಾನದ ಲೈನಿನಲ್ಲಿ ಎರಡು ದನಿ ಒಟ್ಟಿಗೆ ಸಾಗುತ್ತಿರಲಿಲ್ಲ. ಕೇಳುವವರ ಕಡೆಯಿಂದ ಸದ್ದಾದರೆ ಫೋನು ಮಾತಾಡುವವರ ಮಾತನ್ನು ತಡೆಯುತ್ತಿತ್ತು. ದಿಲ್ಲಿಯ ಅಧಿಕಾರಿಗಳೂ ನಮ್ಮ ಅತ್ತೆಯ ಹಾಗೇ, ಹಾಂಜೀ ಹಾಂಜೀ ಎನ್ನುತ್ತಲೇ ಕೇಳುವವರು. ಒಂದೊಂದು ಹಾಂಜೀಗೂ ಎರಡೆರಡು ಮಾತು ಬಲಿಯಾಗಿದ್ದವು.

ಯಜಮಾನರ ಬಳಿ ಓಡಿದೆ. "ಕೇಳೋರಿಂದ ಸಣ್ಣ ಸದ್ದು ಬಂದ್ರ ಫೋನು ಅದನ್ನ ಹಿಡಕೊಂಡಿರ್ಲಿ ಸರ್. ಮಾತಾಡೋರು ಉಸಿರು ತಗೊಂಡಾಗ ಕಳಸ್ಲಿ," ಎಂದೆ.

ಬಸವಪ್ರಭು ಹಣೆ ಒತ್ತಿಕೊಂಡರು. "ಎಂಟು ತಿಂಗಳು ನಾವು ಬ್ಯಾರೆ ಕಡೆನೇ ಹುಡುಕಿದ್ವಲ್ರಿ," ಎಂದರು. ಸಂಜೆಯೊಳಗೆ ಬದಲಿಸಿಯೂಬಿಟ್ಟರು.

ಶುಕ್ರವಾರ ದಿಲ್ಲಿಯಿಂದ ಬಂದ ಇಬ್ಬರು ಅಧಿಕಾರಿಗಳು ನಮ್ಮ ಆಫೀಸಿನ ಬೇರೆ ಬೇರೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ನಡುವಿನ ಲೈನಿಗೆ ಕಿವಿ ಹಚ್ಚಿ ಕೂತೆ. ಹಿಂದೆ ಎರಡೂ ಸಲ ಎರಡೇ ನಿಮಿಷಕ್ಕೆ ಬೇಸತ್ತು ಫೋನಿಟ್ಟಿದ್ದರು. ಈಗ ಐದಾಯಿತು, ಹತ್ತಾಯಿತು.

"ಏನ್ ಮಾತಾಡಾಕತ್ತಾರ್ರಿ?" ಬಸವಪ್ರಭು ಪಿಸುದನಿಯಲ್ಲಿ ಕೇಳಿದರು.

"ಒಂದಕ್ಷರನೂ ತಿಳೀವಲ್ದು ಸರ್," ಎಂದೆ ಖುಷಿಯಿಂದ. "ಆದ್ರ ಇನ್ನೂ ಮಾತಾಡಾಕತ್ತಾರ."